ಎರಡು ಕಂಟ್ರೋಲರ್, ಒಂದೇ ಡಕ್ಟ್: ಪುಣೆಯ ಒಂದು ಕ್ಯಾಂಪಸ್‌ನ ವೈಫೈ ಪ್ರಕರಣ

ಪುಣೆಯ ಪಶ್ಚಿಮ ಅಂಚಿನಲ್ಲಿ, ಗುಡ್ಡದ ಇಳಿಜಾರಿಗೆ ಹರಡಿಕೊಂಡ ಒಂದು ಕಾಲೇಜು ಕ್ಯಾಂಪಸ್. ಹನ್ನೊಂದು ಕಟ್ಟಡ. ಕೆಳಗೆ ಆಡಳಿತ ಕಚೇರಿ, ಇಂಜಿನಿಯರಿಂಗ್, ಫಾರ್ಮಸಿ, ವರ್ಕ್‌ಶಾಪ್. ಮೇಲೆ ಗ್ರಂಥಾಲಯ, ಪಾಲಿಟೆಕ್ನಿಕ್, ಹಾಸ್ಟೆಲ್‌ಗಳು. ಎಲ್ಲ ಸೇರಿ 210 ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆ, ಬಾಯಿಮಾತಿನಲ್ಲಿ ಎಪಿ. ಅಷ್ಟನ್ನೂ ನಡೆಸುತ್ತಿದ್ದದ್ದು ಒಂದೇ ವೈರ್‌ಲೆಸ್ ಕಂಟ್ರೋಲರ್. ಅದು ಆಡಳಿತ ಕಟ್ಟಡದ ನೆಲಮಹಡಿಯ ಸರ್ವರ್ ರೂಮಿನಲ್ಲಿತ್ತು.

ಒಂದು ಜುಲೈ ಮಧ್ಯಾಹ್ನ ಮಳೆನೀರು ಕೇಬಲ್ ಡಕ್ಟ್ (ನೆಲದಡಿಯ ಕೇಬಲ್ ಪೈಪು) ಹಿಡಿದು ಆ ರೂಮಿಗೆ ಬಂತು. ಒಂದು ಯುಪಿಎಸ್ ಟ್ರಿಪ್ ಆಯಿತು. ಟ್ರಿಪ್ ಆಗುವ ಹೊತ್ತಿಗೆ ಕಂಟ್ರೋಲರ್‌ನ ಪವರ್ ಸಪ್ಲೈಯನ್ನೂ ಸುಟ್ಟುಹಾಕಿತು. ಅದರಲ್ಲಿ ಇದ್ದದ್ದೇ ಒಂದು ಪವರ್ ಸಪ್ಲೈ. ಮೇಲಿನ ಮಹಡಿಯಲ್ಲಿ ಆನ್‌ಲೈನ್ ಇಂಟರ್ನಲ್ ಪರೀಕ್ಷೆ ನಡೆದಿತ್ತು. ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪ್‌ನಲ್ಲೇ, ವೈಫೈ ಮೇಲೆ ಬರೆಯುತ್ತಿದ್ದರು. ಇಡೀ ಕೇಬಲ್ ಜಾಲದ ಕೇಂದ್ರವಾದ ಕೋರ್ ಸ್ವಿಚ್ ಬೇರೆ ಯುಪಿಎಸ್ ಮೇಲಿತ್ತು, ಹಾಗಾಗಿ ಕೇಬಲ್ ಜಾಲಕ್ಕೆ ಏನೂ ಆಗಲಿಲ್ಲ. ಇಂಟರ್ನೆಟ್ ಇತ್ತು. ಮಾನಿಟರಿಂಗ್ ಪರದೆಯಲ್ಲಿ ಸ್ವಿಚ್‌ಗಳೆಲ್ಲ ಹಸಿರು. ವೈಫೈ ಮಾತ್ರ ಪೂರ್ತಿ ಬಂದ್. ಮಳೆಯ ಟ್ರಾಫಿಕ್ಕಿನಲ್ಲಿ ಭೋಸರಿಯಿಂದ ಬದಲಿ ಭಾಗ ಬಂದು ಹಾಕುವಷ್ಟರಲ್ಲಿ ಸಂಜೆಯಾಗಿತ್ತು. ಪರೀಕ್ಷೆ ಮುಂದೂಡಿದರು.

ಮರುವಾರವೇ ನನಗೆ ಫೋನ್ ಬಂತು. ಪುಣೆಯಲ್ಲಿ ಕ್ಯಾಂಪಸ್ ಜಾಲಗಳ ವಿನ್ಯಾಸ ನನ್ನ ಕೆಲಸ. ಅಲ್ಲಿನ ಐಟಿ ಮುಖ್ಯಸ್ಥರು ಧಾರವಾಡದವರು. ಟ್ರಸ್ಟಿನ ಖಜಾಂಚಿ ಬೆಳಗಾವಿ ಕಡೆಯವರು. ಎಲೆಕ್ಟ್ರಿಷಿಯನ್ ಇಂಡಿ ತಾಲ್ಲೂಕಿನವರು. ಮೀಟಿಂಗ್ ಎಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು, ಅಸಲಿ ವಿಷಯ ಮಾತ್ರ ಮೀಟಿಂಗ್ ಮುಗಿದ ಮೇಲೆ ಚಹಾ ಕುಡಿಯುವಾಗ ಕನ್ನಡದಲ್ಲಿ ಹೊರಬರುತ್ತಿತ್ತು.

ಮೊದಲು ಬಂದ ಕೊಟೇಶನ್

ನಾನು ಹೋಗುವ ಮೊದಲೇ ಒಬ್ಬ ಸರಬರಾಜುದಾರರ ಕೊಟೇಶನ್ ಮೇಜಿನ ಮೇಲಿತ್ತು. ಎರಡು ಸಿಸ್ಕೋ 9800-ಎಲ್ ಕಂಟ್ರೋಲರ್. ಎರಡೂ ಅದೇ ಸರ್ವರ್ ರೂಮ್, ಅದೇ ರ‍್ಯಾಕ್, ಒಂದರ ಮೇಲೊಂದು. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಕಾದು ಕೂರುತ್ತದೆ. ಈ ಜೋಡಣೆಗೆ ಎಸ್‌ಎಸ್‌ಒ ಎನ್ನುತ್ತಾರೆ. ಎರಡಕ್ಕೂ ಸೇರಿ ಒಂದೇ ಐಪಿ ವಿಳಾಸ. ಯಾವ ಎಪಿ ಸೇರಿದೆ, ಯಾವ ಫೋನು ಲಾಗಿನ್ ಆಗಿದೆ ಎಂಬ ಲೆಕ್ಕವೆಲ್ಲ ಕ್ಷಣಕ್ಷಣಕ್ಕೂ ಎರಡನೆಯದಕ್ಕೆ ನಕಲಾಗುತ್ತದೆ. ಮೊದಲನೆಯದು ಸತ್ತರೆ ಎರಡನೆಯದು ಒಂದು ಸೆಕೆಂಡಿನೊಳಗೆ ಎದ್ದು ನಿಲ್ಲುತ್ತದೆ. ಬಳಸುವವರಿಗೆ ಗೊತ್ತೇ ಆಗುವುದಿಲ್ಲ.

ಕೇಳಲು ಚೆಂದ. ತಾಂತ್ರಿಕವಾಗಿಯೂ ಒಳ್ಳೆಯ ವ್ಯವಸ್ಥೆ. ಆಸ್ಪತ್ರೆಗೋ, ವೈಫೈ ಮೇಲೆ ಫೋನ್ ಮಾತು ಓಡುವ ಕಾರ್ಖಾನೆಗೋ ನಾನೇ ಅದನ್ನು ಸೂಚಿಸಿದ್ದೇನೆ. ಆದರೆ ಇಲ್ಲಿ ಕೆಟ್ಟದ್ದು ಏನು? ರೂಮಿಗೆ ನೀರು ಬಂತು, ಯುಪಿಎಸ್ ಹೋಯಿತು. ಅದೇ ರೂಮಿನಲ್ಲಿ, ಅದೇ ಯುಪಿಎಸ್ ಮೇಲೆ ಎರಡನೇ ಕಂಟ್ರೋಲರ್ ಇಟ್ಟರೆ ಮನೆಯ ಎರಡೂ ಬೀಗದ ಕೈಯನ್ನು ಒಂದೇ ಗೊಂಚಲಿಗೆ ಹಾಕಿದ ಹಾಗೆ.

ಖಜಾಂಚಿಯವರ ತಕರಾರು ಬೇರೆ ಇತ್ತು. "ಒಂದ್ ಡಬ್ಬಿ ದುಡಿತೈತಿ, ಇನ್ನೊಂದು ಸುಮ್ನ ಕುಂತಿರತೈತಿ. ಅದಕ್ಕ ಅಷ್ಟ್ ರೊಕ್ಕ ಯಾಕ್ರೀ?" ಐಟಿ ಮುಖ್ಯಸ್ಥರು ಇನ್ಶೂರೆನ್ಸ್ ಉದಾಹರಣೆ ಕೊಡಲು ಹೊರಟರು. ನನಗೆ ಖಜಾಂಚಿಯವರ ಪ್ರಶ್ನೆಯೇ ಸರಿ ಅನ್ನಿಸಿತು. ಸುಮ್ಮನೆ ಕೂತ ಯಂತ್ರ ಸರಿಯಾಗಿದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದರ ಪೋರ್ಟ್, ಅದರ ಕೇಬಲ್, ಅದರ ಫೈರ್‌ವಾಲ್ ನಿಯಮ ಎಲ್ಲವೂ ಬೇಕಾದ ದಿನವೇ ಮೊದಲ ಸಲ ಪರೀಕ್ಷೆಗೆ ಬೀಳುತ್ತವೆ.

ಡಕ್ಟ್ ನೋಡಲು ಹೋದದ್ದು

ಹಾಗಾದರೆ ಎರಡನೆಯದನ್ನು ಬೇರೆ ಕಟ್ಟಡದಲ್ಲಿಡೋಣ, ಅಲ್ವಾ? ಐಟಿ ವಿಭಾಗದ ನಕ್ಷೆಯಲ್ಲಿ ಆಡಳಿತ ಕಟ್ಟಡದಿಂದ ಗ್ರಂಥಾಲಯಕ್ಕೆ ಎರಡು ಫೈಬರ್ ಗೆರೆ ಇದ್ದವು. ಒಂದು ನೀಲಿ, ಒಂದು ಕೆಂಪು, ಬೇರೆ ಬೇರೆ ದಾರಿ ಹಿಡಿದ ಹಾಗೆ ಬರೆದಿದ್ದರು. ಜಾಲದ ನಕ್ಷೆ ನೆಲದ ನಕ್ಷೆ ಅಲ್ಲ. ಹಾಗಾಗಿ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದುಕೊಂಡು ಇಳಿಜಾರು ಹತ್ತಿದೆವು. ಪೈಪು ಹಾಕಿದಾಗ ಅವರು ಅಲ್ಲೇ ಇದ್ದವರು.

ಅರ್ಧ ದಾರಿಯಲ್ಲಿ ಒಂದು ಚೇಂಬರ್ ಮುಚ್ಚಳ ಎತ್ತಿ ತೋರಿಸಿದರು. "ಎರಡೂ ಇದ್ರಾಗನ ಅದಾವ್ರೀ ಸರ್. ಆವಾಗ ಕಲ್ಲು ಒಡೆಯೂದು ಯಾರಿಗೂ ಬ್ಯಾಡಾಗಿತ್ರಿ."

ಕಲ್ಲು ಎಂದರೆ ಇಲ್ಲಿನ ಕಪ್ಪು ಬಸಾಲ್ಟ್. ಪುಣೆಯ ಗುಡ್ಡಗಳೆಲ್ಲ ದಖ್ಖನ್ನಿನ ಲಾವಾ ಬಂಡೆ. ಒಂದಡಿ ಮಣ್ಣು ಕೆರೆದರೆ ಬ್ರೇಕರ್ ತರಬೇಕು. ಹಾಗಾಗಿ ಗುತ್ತಿಗೆದಾರರು ಒಂದೇ ಕಾಲುವೆ ತೋಡಿ, ಒಂದೇ ಪೈಪಿನಲ್ಲಿ ಎರಡೂ ಕೇಬಲ್ ಎಳೆದಿದ್ದರು. ಜೆಸಿಬಿ ಒಂದು ಸಲ ಹಲ್ಲು ಊರಿದರೆ ನೀಲಿಯೂ ಇಲ್ಲ, ಕೆಂಪೂ ಇಲ್ಲ. ಪಕ್ಕದಲ್ಲೇ ಹೊಸ ಹಾಸ್ಟೆಲ್‌ಗೆ ಪಾಯ ತೆಗೆಯುವ ಕೆಲಸ ಬೇರೆ ಶುರುವಾಗುವುದಿತ್ತು.

ಈ ಒಂದು ಮುಚ್ಚಳ ಇಡೀ ವಿನ್ಯಾಸವನ್ನು ತಿರುಗಿಸಿತು. ಯಾಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಸ್‌ಎಸ್‌ಒ ಜೋಡಿಯನ್ನು ಎರಡು ಕಟ್ಟಡಗಳಲ್ಲಿ ಇಡಬಹುದು. 9800 ಸರಣಿಯಲ್ಲಿ ಜೋಡಿಯ ನಡುವಿನ ಕೊಂಡಿಗೆ ಹೋಗಿಬರುವ ವಿಳಂಬ 80 ಮಿಲಿಸೆಕೆಂಡಿನ ಒಳಗಿರಬೇಕು, ಕನಿಷ್ಠ 60 ಎಂಬಿಪಿಎಸ್ ಬೇಕು. ಕ್ಯಾಂಪಸ್ ಫೈಬರ್‌ಗೆ ಇದು ಏನೇನೂ ಅಲ್ಲ. ಆದರೆ ಎರಡಕ್ಕೂ ಒಂದೇ ಐಪಿ ಇರುವುದರಿಂದ ಒಂದೇ ವಿಎಲ್ಯಾನ್ ಅನ್ನು, ಅಂದರೆ ಜಾಲದೊಳಗೆ ಬೇರ್ಪಡಿಸಿದ ಒಂದು ಭಾಗವನ್ನು, ಎರಡೂ ಕಟ್ಟಡಕ್ಕೆ ಎಳೆಯಬೇಕು. ಇವು ಮೂಲ ಸೆಟ್ಟಿಂಗಿನಲ್ಲಿ 100 ಮಿಲಿಸೆಕೆಂಡಿಗೊಮ್ಮೆ ಒಂದನ್ನೊಂದು ವಿಚಾರಿಸಿಕೊಳ್ಳುತ್ತವೆ. ಸತತ ಐದು ಸಲ ಉತ್ತರ ಬರದಿದ್ದರೆ ಆ ಕಡೆಯದು ಸತ್ತಿದೆ ಎಂದು ತಿಳಿಯುತ್ತವೆ. ಅದು ನಿಜವಾಗಿ ಸತ್ತಿದೆಯೋ, ಕೊಂಡಿ ಮಾತ್ರ ತುಂಡಾಗಿದೆಯೋ ಎಂದು ತಿಳಿಯಲು ಎರಡನೆಯ ದಾರಿ ಒಂದಿರುತ್ತದೆ. ಅದಕ್ಕೆ ಆರ್‌ಎಂಐ ಎಂದು ಹೆಸರು. ಎರಡೂ ದಾರಿ ಒಟ್ಟಿಗೆ ತುಂಡಾದರೆ? ಇಬ್ಬರೂ ತಾವೇ ಯಜಮಾನ ಎಂದು ಎದ್ದು ನಿಲ್ಲುತ್ತಾರೆ. ಒಂದೇ ಐಪಿ, ಎರಡು ಯಂತ್ರ. ಫೈಬರ್ ಮತ್ತೆ ಜೋಡಿಸಿದ ಮೇಲೆ ಒಂದು ರೀಬೂಟ್ ಆಗಿಯೇ ಸರಿಹೋಗಬೇಕು. ನಮ್ಮಲ್ಲಿ ಎರಡೂ ದಾರಿ ಒಂದೇ ಪೈಪಿನಲ್ಲಿದ್ದವು. ಅಂದರೆ ಈ ಅಪಾಯಕ್ಕೆ ನಾವೇ ಜಾಗ ಮಾಡಿಕೊಟ್ಟಂತಾಗುತ್ತಿತ್ತು.

ಕೆಳಗಿನ ಅರ್ಧ, ಮೇಲಿನ ಅರ್ಧ

ಹಾಗಾಗಿ ಬೇರೆ ದಾರಿ ಹಿಡಿದೆವು. ಎರಡು ಸ್ವತಂತ್ರ ಕಂಟ್ರೋಲರ್, ಎರಡು ಬೇರೆ ಐಪಿ. ಒಂದು ಆಡಳಿತ ಕಟ್ಟಡದಲ್ಲಿ, ಈ ಸಲ ಮೊದಲ ಮಹಡಿಯಲ್ಲಿ. ಇನ್ನೊಂದು ಗ್ರಂಥಾಲಯದ ಎರಡನೇ ಮಹಡಿಯಲ್ಲಿ. ಪ್ರತಿ ಎಪಿಗೂ ಮೊದಲ ಆಯ್ಕೆ ಯಾವುದು, ಎರಡನೆಯದು ಯಾವುದು ಎಂದು ಬರೆದಿಡುತ್ತೇವೆ. ಇದಕ್ಕೆ ಎನ್ ಪ್ಲಸ್ ಒನ್ ಎನ್ನುತ್ತಾರೆ. ಸಾಮಾನ್ಯವಾಗಿ ಇದರಲ್ಲೂ ಒಂದು ಕಂಟ್ರೋಲರ್ ಖಾಲಿ ಕಾಯುತ್ತಿರುತ್ತದೆ. ನಾವು ಹಾಗೆ ಬಿಡಲಿಲ್ಲ. ಕೆಳಗಿನ ಕಟ್ಟಡಗಳಿಗೆ ಕೆಳಗಿನ ಕಂಟ್ರೋಲರ್ ಮೊದಲು, ಮೇಲಿನ ಕಟ್ಟಡಗಳಿಗೆ ಮೇಲಿನದು ಮೊದಲು. ಎರಡೂ ದಿನವೂ ದುಡಿಯುತ್ತವೆ. ಖಜಾಂಚಿಯವರು ಒಪ್ಪಿದ್ದು ಇಲ್ಲೇ.

ಕಟ್ಟಡದ ಲೆಕ್ಕದಲ್ಲಿ ಹಂಚುವುದು ಮುಖ್ಯ. ಕೆಲವರು ಒಂದೇ ಮಹಡಿಯಲ್ಲಿ ಒಂದು ಎಪಿ ಆ ಕಡೆ, ಒಂದು ಈ ಕಡೆ ಎಂದು ಬೆರೆಸಿ ಹಂಚುತ್ತಾರೆ. ಒಂದು ಕಂಟ್ರೋಲರ್ ಹೋದರೂ ಅರ್ಧ ಸಿಗ್ನಲ್ ಉಳಿಯಲಿ ಎಂಬ ಆಸೆ. ಆದರೆ ವರಾಂಡದಲ್ಲಿ ನಡೆಯುವ ಪ್ರತಿ ಫೋನೂ ಹತ್ತು ಹೆಜ್ಜೆಗೊಮ್ಮೆ ಕಂಟ್ರೋಲರ್ ಬದಲಿಸುತ್ತದೆ. ಎರಡೂ ಕಂಟ್ರೋಲರ್ ದಿನವಿಡೀ ಆ ವರ್ಗಾವಣೆಯಲ್ಲೇ ಸುಸ್ತು. ನನಗೆ ಆ ಪದ್ಧತಿ ಇಷ್ಟವಿಲ್ಲ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಡಕ್ಟ್ ತುಂಡಾದರೆ ಕೆಳಗಿನವು ಕೆಳಗಿನ ಕಂಟ್ರೋಲರ್ ಜೊತೆ, ಮೇಲಿನವು ಮೇಲಿನದರ ಜೊತೆ ಹಾಗೇ ಇರುತ್ತವೆ. ಯಾರೂ ಜಾಗ ಬದಲಿಸಬೇಕಿಲ್ಲ. ಜಾಲ ಎಲ್ಲಿ ಮುರಿಯುವ ಸಂಭವ ಜಾಸ್ತಿಯೋ ಅಲ್ಲೇ ಗಡಿ ಹಾಕಿದ್ದೇವೆ.

ಇದಕ್ಕೆ ತೆತ್ತದ್ದೂ ಇದೆ. ಕಂಟ್ರೋಲರ್ ಸತ್ತರೆ ಎಸ್‌ಎಸ್‌ಒ ಥರ ಸೆಕೆಂಡಿನೊಳಗೆ ಮುಗಿಯುವುದಿಲ್ಲ. ಎಪಿ ತನ್ನ ಕಂಟ್ರೋಲರ್‌ಗೆ ಮೂಲ ಸೆಟ್ಟಿಂಗಿನಲ್ಲಿ 30 ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ ಕಳಿಸುತ್ತದೆ. ಉತ್ತರ ಬರದಿದ್ದರೆ ಮತ್ತೆ ಕೆಲವು ಸಲ ಕೇಳುತ್ತದೆ. ಆಮೇಲೆ ಎರಡನೆಯದನ್ನು ಹುಡುಕಿಕೊಂಡು ಹೋಗಿ ಹೊಸದಾಗಿ ಸೇರಿಕೊಳ್ಳುತ್ತದೆ. ಅಷ್ಟು ಹೊತ್ತು ಪರೀಕ್ಷೆ ಬರೆಯುವ ವಿದ್ಯಾರ್ಥಿ ಏನು ಮಾಡಬೇಕು?

ಅದಕ್ಕೆ ಉತ್ತರ ಟ್ರಾಫಿಕ್ಕಿನ ದಾರಿ ಬದಲಿಸುವುದರಲ್ಲಿತ್ತು. ಹಳೆಯ ವ್ಯವಸ್ಥೆಯಲ್ಲಿ ಪ್ರತಿ ಫೋನಿನ ಪ್ರತಿ ಪ್ಯಾಕೆಟ್ ಎಪಿಯಿಂದ ಟನೆಲ್ ಮೂಲಕ ಕಂಟ್ರೋಲರ್‌ಗೆ ಹೋಗಿ ಅಲ್ಲಿಂದ ಹೊರಬರುತ್ತಿತ್ತು. ಈಗ ವಿದ್ಯಾರ್ಥಿ ಮತ್ತು ಸಿಬ್ಬಂದಿ ಜಾಲವನ್ನು ಎಪಿ ಬಳಿಯ ಸ್ವಿಚ್‌ನಲ್ಲೇ ಇಳಿಸಿದೆವು. ಸಿಸ್ಕೋದಲ್ಲಿ ಇದಕ್ಕೆ ಫ್ಲೆಕ್ಸ್‌ಕನೆಕ್ಟ್ ಎನ್ನುತ್ತಾರೆ. ಕಂಟ್ರೋಲರ್ ಕೈಬಿಟ್ಟರೂ ಆಗಲೇ ಸೇರಿರುವ ಲ್ಯಾಪ್‌ಟಾಪ್ ಕೆಲಸ ನಿಲ್ಲುವುದಿಲ್ಲ. ಎರಡೂ ಕಂಟ್ರೋಲರ್‌ಗಳಲ್ಲಿ ಸೆಟ್ಟಿಂಗ್ ಒಂದೇ ಇದ್ದರೆ ಎಪಿ ಇನ್ನೊಂದಕ್ಕೆ ಹೋಗಿ ಸೇರುವಾಗಲೂ ಅವು ಉಳಿಯುತ್ತವೆ. ಸೆಟ್ಟಿಂಗ್ ಬೇರೆಯಾಗಿದ್ದರೆ ಎಪಿ ಎಲ್ಲರನ್ನೂ ಕೆಡವಿ ಹೊಸದಾಗಿ ಶುರುಮಾಡುತ್ತದೆ. ಎಸ್‌ಎಸ್‌ಒನಲ್ಲಿ ನಕಲು ತಾನಾಗಿಯೇ ಆಗುತ್ತದೆ, ಇಲ್ಲಿ ಆಗುವುದಿಲ್ಲ. ಒಂದರಲ್ಲಿ ಮಾಡಿದ ಬದಲಾವಣೆಯನ್ನು ಇನ್ನೊಂದರಲ್ಲೂ ಮಾಡಲೇಬೇಕು. ಐಟಿ ಮುಖ್ಯಸ್ಥರು ಪ್ರತಿ ರಾತ್ರಿ ಎರಡರ ಕಾನ್ಫಿಗರೇಶನ್ ತೆಗೆದು ಹೋಲಿಸಿ, ವ್ಯತ್ಯಾಸ ಇದ್ದರೆ ಮೇಲ್ ಮಾಡುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದರು. ಇಡೀ ಯೋಜನೆಯಲ್ಲಿ ನನಗೆ ಅತಿ ಹಿಡಿಸಿದ ಭಾಗ ಅದು. ಅದಕ್ಕೆ ಖರ್ಚೂ ಇಲ್ಲ.

ಅತಿಥಿಗಳ ಜಾಲ ಮಾತ್ರ ಮೊದಲಿನ ಹಾಗೆ ಟನೆಲ್ ಮೂಲಕವೇ. ಅದು ಎರಡು ನಿಮಿಷ ನಿಂತರೆ ಯಾರೂ ಸಾಯುವುದಿಲ್ಲ.

ನಾಲ್ಕು ಎಪಿ ಜಾಸ್ತಿ

ಗಾತ್ರದ ವಿಷಯದಲ್ಲಿ ಒಂದು ಗಮ್ಮತ್ತು ಆಯಿತು. 9800-ಎಲ್ ಸಾಮಾನ್ಯ ಲೈಸೆನ್ಸಿನಲ್ಲಿ 250 ಎಪಿ ಮತ್ತು 5,000 ಸಾಧನಗಳನ್ನು ಹಿಡಿಯುತ್ತದೆ. ನಮ್ಮಲ್ಲಿ 210 ಎಪಿ, ಗದ್ದಲದ ಹೊತ್ತಿನಲ್ಲಿ ಸುಮಾರು 3,800 ಸಾಧನ. ಕೊಟೇಶನ್‌ನಲ್ಲಿ "ಸಾಕಷ್ಟು ಜಾಗ ಇದೆ" ಎಂದು ಬರೆದಿದ್ದರು. ಹೊಸ ಹಾಸ್ಟೆಲ್‌ನ ನಕ್ಷೆ ತರಿಸಿ ಎಣಿಸಿದರೆ ಅಲ್ಲಿಗೆ 44 ಎಪಿ ಬೇಕು. ಒಟ್ಟು 254.

ಎರಡು ಕಂಟ್ರೋಲರ್ ಇದ್ದಾವಲ್ಲ, ಒಟ್ಟು 500 ಆಯಿತಲ್ಲ ಎಂದು ಒಬ್ಬರು ಕೇಳಿದರು. ದಿನನಿತ್ಯಕ್ಕೆ ಹೌದು. ಆದರೆ ಒಂದು ಸತ್ತ ದಿನ ಉಳಿದ ಒಂದೇ ಅಷ್ಟನ್ನೂ ಹೊರಬೇಕು. ಆ ದಿನ ನಾಲ್ಕು ಎಪಿಗೆ ಜಾಗವೇ ಇರುವುದಿಲ್ಲ. ಮೂಲ ಸೆಟ್ಟಿಂಗಿನಲ್ಲಿ ಯಾವ ನಾಲ್ಕು ಎಂದು ಮೊದಲೇ ಹೇಳುವ ಹಾಗೂ ಇಲ್ಲ. ಕೊನೆಗೆ ಬಂದವು ಹೊರಗೆ. ಇದೇ ಯಂತ್ರಕ್ಕೆ ಪರ್ಫಾರ್ಮೆನ್ಸ್ ಲೈಸೆನ್ಸ್ ಹಾಕಿದರೆ 500 ಎಪಿ, 10,000 ಸಾಧನದವರೆಗೆ ಹೋಗುತ್ತದೆ. ಎರಡಕ್ಕೂ ಅದನ್ನೇ ಬರೆಸಿದೆವು. ದೊಡ್ಡ ಮಾದರಿ 9800-40 ತೆಗೆದುಕೊಳ್ಳಿ ಎಂಬ ಸಲಹೆಯೂ ಬಂದಿತ್ತು. ಅದು 2,000 ಎಪಿ ಹಿಡಿಯುತ್ತದೆ. ಈ ಕ್ಯಾಂಪಸ್‌ಗೆ ಅದು ಬರೀ ದುಂದು.

ಕಂಟ್ರೋಲರ್ ಬಿಟ್ಟು ಉಳಿದವು

ಕಂಟ್ರೋಲರ್ ಎರಡಾದರೆ ಸಾಲದು. ಎಪಿಗೆ ವಿಳಾಸ ಕೊಡುವ ಡಿಎಚ್‌ಸಿಪಿ, ಪಾಸ್‌ವರ್ಡ್ ಪರಿಶೀಲಿಸುವ ರೇಡಿಯಸ್ ಸರ್ವರ್ ಎರಡೂ ಆ ಒದ್ದೆ ರೂಮಿನಲ್ಲೇ, ಒಂದೇ ಸರ್ವರ್ ಮೇಲೆ ಇದ್ದವು. ವಿದ್ಯಾರ್ಥಿ ಜಾಲ 802.1ಎಕ್ಸ್ ಮೇಲೆ, ಅಂದರೆ ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಇಟ್ಟು ನಡೆಯುತ್ತದೆ. ರೇಡಿಯಸ್ ಸಿಗದಿದ್ದರೆ ಈಗಾಗಲೇ ಒಳಗಿದ್ದವರು ಉಳಿಯುತ್ತಾರೆ, ಹೊಸಬರು ಒಳಗೆ ಬರಲಾಗುವುದಿಲ್ಲ. ಗ್ರಂಥಾಲಯದಲ್ಲಿ ಇನ್ನೊಂದು ಸರ್ವರ್ ಇಟ್ಟು ಎರಡರ ಜೋಡಿಯನ್ನೂ ಅಲ್ಲಿ ಎಬ್ಬಿಸಿದೆವು. ಪ್ರತಿ ಕಂಟ್ರೋಲರ್ ಮೊದಲು ತನ್ನ ಕಟ್ಟಡದ ರೇಡಿಯಸ್ ಅನ್ನೇ ಕೇಳುತ್ತದೆ. ಪರೀಕ್ಷೆಯ ದಿನಕ್ಕೆಂದು ಒಂದು ಬೇರೆ ಜಾಲ ಮಾಡಿದೆವು. ಅದಕ್ಕೆ ಒಂದೇ ಸಾಮಾನ್ಯ ಪಾಸ್‌ವರ್ಡ್, ಅದನ್ನು ಎಪಿ ತಾನೇ ಪರಿಶೀಲಿಸುತ್ತದೆ. ಕಂಟ್ರೋಲರ್, ರೇಡಿಯಸ್ ಎರಡೂ ಇಲ್ಲದಿದ್ದರೂ ಹೊಸ ಲ್ಯಾಪ್‌ಟಾಪ್ ಸೇರಬಹುದು. ಭದ್ರತೆಯ ದೃಷ್ಟಿಯಿಂದ ಇದು ಒಂದು ಮೆಟ್ಟಿಲು ಕೆಳಗೆ, ನಿಜ. ಪರೀಕ್ಷೆ ಮುಗಿದ ಕೂಡಲೇ ಆ ಜಾಲ ಆಫ್ ಮಾಡಿ ಪಾಸ್‌ವರ್ಡ್ ಬದಲಿಸುತ್ತಾರೆ.

ಗ್ರಂಥಾಲಯದ ಸ್ವಿಚ್ ಮೊದಲು ಬರೀ ಕೊಂಡಿಯಾಗಿತ್ತು. ಅದನ್ನು ಮೇಲಿನ ಅರ್ಧದ ಕೋರ್ ಮಾಡಿ, ಹಾಸ್ಟೆಲ್ ಮತ್ತು ಪಾಲಿಟೆಕ್ನಿಕ್‌ನ ಗೇಟ್‌ವೇಗಳನ್ನು (ಆ ಜಾಲಗಳ ಹೊರದಾರಿ) ಅಲ್ಲಿಗೆ ತಂದೆವು. ಎರಡು ಕೋರ್‌ಗಳ ನಡುವೆ ಓಎಸ್‌ಪಿಎಫ್ ರೂಟಿಂಗ್, ಅಂದರೆ ದಾರಿಯನ್ನು ತಾವೇ ಕಂಡುಕೊಳ್ಳುವ ವ್ಯವಸ್ಥೆ. ಯಾವ ವಿಎಲ್ಯಾನೂ ಗುಡ್ಡ ಹತ್ತುವುದಿಲ್ಲ, ಇಳಿಯುವುದಿಲ್ಲ.

ಎರಡನೇ ಫೈಬರ್ ದಾರಿಗೆ ಬಂಡೆ ಒಡೆಯುವ ಖರ್ಚು ನೋಡಿ ಎಲ್ಲರೂ ಸುಮ್ಮನಾದರು. ಆಗ ಎಲೆಕ್ಟ್ರಿಷಿಯನ್ ಅಣ್ಣನೇ, ಕಾಂಪೌಂಡ್ ಗೋಡೆ ಇದೆಯಲ್ಲ, ಅದರ ಒಳಮೈಗೆ ಜಿಐ ಪೈಪ್ ಹೊಡೆದು ತಂದರೆ ಆಗದೇ ಎಂದರು. ಸುತ್ತುದಾರಿ, ಆದರೆ ನೆಲ ಮುಟ್ಟಬೇಕಿಲ್ಲ. ಸಿಂಗಲ್ ಮೋಡ್ ಫೈಬರ್‌ಗೆ ಕಿಲೋಮೀಟರ್‌ಗಟ್ಟಲೆ ಹೋಗುವ ತಾಕತ್ತಿದೆ, ಸುತ್ತು ಒಂದು ಲೆಕ್ಕವೇ ಅಲ್ಲ. ಹಾಗೇ ಮಾಡಿದೆವು. ಹಳೆಯ ಡಕ್ಟ್‌ನ ಎರಡು ಕೇಬಲ್‌ಗಳಲ್ಲಿ ಒಂದು ಈಗ ಬರೀ ಸ್ಪೇರ್.

ಕರೆಂಟಿನ ಕಥೆ ಬೇರೆಯೇ. ಪುಣೆಯಲ್ಲಿ ಗುರುವಾರ ಎಂದರೆ ರಿಪೇರಿಗೆ ಕರೆಂಟ್ ತೆಗೆಯುವ ದಿನ ಎಂದು ಎಲ್ಲರಿಗೂ ಗೊತ್ತು. ಒಂದು ಗುರುವಾರ ಮಹಡಿ ಮಹಡಿಯ ಸ್ವಿಚ್ ಪೆಟ್ಟಿಗೆ ನೋಡುತ್ತ ಹೋದೆ. ಎಪಿಗೆ ಕರೆಂಟ್ ಬರುವುದು ಸ್ವಿಚ್‌ನಿಂದ, ಜಾಲದ ಕೇಬಲ್‌ನಲ್ಲೇ. ಇದಕ್ಕೆ ಪಿಓಇ ಎನ್ನುತ್ತಾರೆ. ಆ ಸ್ವಿಚ್‌ಗಳ ಚಿಕ್ಕ ಯುಪಿಎಸ್‌ಗಳಲ್ಲಿ ಅರ್ಧದಷ್ಟರ ಬ್ಯಾಟರಿ ಸತ್ತಿತ್ತು. ಡಿಜಿ ಸೆಟ್ (ಡೀಸೆಲ್ ಜನರೇಟರ್) ಎದ್ದು ಕರೆಂಟ್ ಬರುವ ಆ ಕೆಲವು ಸೆಕೆಂಡುಗಳಲ್ಲಿ ಸ್ವಿಚ್ ಆರಿ, ಮತ್ತೆ ಬೂಟ್ ಆಗಿ, ಆಮೇಲೆ ಎಪಿ ಬೂಟ್ ಆಗಿ, ಒಟ್ಟು ಹಲವು ನಿಮಿಷ ಹೋಗುತ್ತಿತ್ತು. ಅಂಥ ಕಡೆ ಕಂಟ್ರೋಲರ್ ಎರಡಲ್ಲ, ಹತ್ತು ಇಟ್ಟರೂ ಏನು ಬಂತು? ಬ್ಯಾಟರಿಗಳನ್ನು ಬದಲಿಸಲು ಹೇಳಿದೆ. ಒಂದು 24 ಪೋರ್ಟ್ ಸ್ವಿಚ್, ಅದಕ್ಕೆ 16 ಎಪಿ, ಒಂದೊಂದಕ್ಕೆ 20 ವಾಟ್ ಹಿಡಿದರೂ 320 ವಾಟ್, ಜೊತೆಗೆ ಸ್ವಿಚ್‌ನದ್ದೇ ಖರ್ಚು. ಹಳೆಯ ಯುಪಿಎಸ್‌ಗಳನ್ನು ಎಪಿ ಇಲ್ಲದ ಕಾಲದಲ್ಲಿ, ಬರೀ ಸ್ವಿಚ್ ಲೆಕ್ಕದಲ್ಲಿ ಕೊಂಡಿದ್ದರು.

ಕಂಟ್ರೋಲರ್ ಆಫ್ ಮಾಡಿ ನೋಡಿದ ಭಾನುವಾರ

ಎಲ್ಲ ಸಿದ್ಧವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಕಂಟ್ರೋಲರ್‌ನ ಪ್ಲಗ್ ಕಿತ್ತೆವು. ಮೆನುವಿನಿಂದ ರೀಬೂಟ್ ಮಾಡುವುದು ಪರೀಕ್ಷೆ ಅಲ್ಲ. ನಿಜವಾದ ಅಪಘಾತ ಹೇಳಿ ಬರುವುದಿಲ್ಲ. ಇಂಜಿನಿಯರಿಂಗ್ ಕಟ್ಟಡದಲ್ಲಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪರೀಕ್ಷೆಯ ಪುಟ ತೆರೆದಿಟ್ಟಿದ್ದೆವು. ಅವು ಅಲುಗಲಿಲ್ಲ. ಎಪಿಗಳು ಸುಮಾರು ಒಂದೂವರೆ ನಿಮಿಷದಲ್ಲಿ ಮೇಲಿನ ಕಂಟ್ರೋಲರ್‌ಗೆ ಹೋಗಿ ಸೇರಿದವು.

ಎಲ್ಲವೂ ಅಲ್ಲ. ಫಾರ್ಮಸಿ ಕಟ್ಟಡದ ಒಂದೂ ಹೋಗಲಿಲ್ಲ. ಆ ಕಟ್ಟಡದ ಎಪಿಗಳು ಫೈರ್‌ವಾಲ್‌ನ ಹಿಂದೆ ಇದ್ದವು. ಎಪಿ ಮತ್ತು ಕಂಟ್ರೋಲರ್ ಮಾತಾಡುವ ಕ್ಯಾಪ್‌ವ್ಯಾಪ್‌ಗೆ ಯುಡಿಪಿ 5246 ಮತ್ತು 5247 ಪೋರ್ಟ್ ಬೇಕು. ಫೈರ್‌ವಾಲ್‌ನಲ್ಲಿ ಅವನ್ನು ಹಳೆಯ ಕಂಟ್ರೋಲರ್‌ನ ಐಪಿಗೆ ಮಾತ್ರ ತೆರೆದಿದ್ದರು. ವರ್ಕ್‌ಶಾಪ್‌ನಲ್ಲಿ ಇನ್ನೊಂದು ಥರ. ಎಪಿಯಲ್ಲಿ ಎರಡನೇ ಕಂಟ್ರೋಲರ್‌ನ ಹೆಸರು ಬರೆಯುವಾಗ ನಡುವಿನ ಅಡ್ಡಗೆರೆ ಬಿಟ್ಟುಹೋಗಿತ್ತು. ಹೆಸರು ಅಕ್ಷರಶಃ ಹೊಂದದಿದ್ದರೆ ಎಪಿ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಎರಡನ್ನೂ ಅಲ್ಲೇ ಸರಿಮಾಡಿ ಮತ್ತೆ ಪ್ಲಗ್ ಕಿತ್ತೆವು. ಹೊಸದಾಗಿ ಪೆಟ್ಟಿಗೆಯಿಂದ ತೆಗೆದ ಎಪಿಗೂ ಎರಡೂ ವಿಳಾಸ ಸಿಗಲಿ ಎಂದು ಡಿಎಚ್‌ಸಿಪಿಯ ಆಪ್ಷನ್ 43ರಲ್ಲಿ, ಅಂದರೆ ಕಂಟ್ರೋಲರ್ ವಿಳಾಸ ತಿಳಿಸುವ ಜಾಗದಲ್ಲಿ, ಎರಡನ್ನೂ ಬರೆದೆವು.

ವಾಪಸ್ ಬರುವುದರ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಮೂಲ ಸೆಟ್ಟಿಂಗಿನಲ್ಲಿ ಮೊದಲ ಕಂಟ್ರೋಲರ್ ಎದ್ದ ಕೂಡಲೇ ಎಪಿಗಳು ತಾವಾಗಿಯೇ ಅದಕ್ಕೆ ಮರಳುತ್ತವೆ. ನೋಡಲು ಒಳ್ಳೆಯದೇ. ಆದರೆ ಕೆಟ್ಟ ಪವರ್ ಸಪ್ಲೈನ ಯಂತ್ರ ಎದ್ದು ಬಿದ್ದು ಮಾಡುತ್ತಿದ್ದರೆ ಎಪಿಗಳೂ ಗುಡ್ಡ ಹತ್ತಿ ಇಳಿಯುತ್ತಲೇ ಇರುತ್ತವೆ. ಆ ಫಾಲ್‌ಬ್ಯಾಕ್ ಅನ್ನು ಆಫ್ ಮಾಡಿದೆವು. ಕಾರಣ ತಿಳಿದ ಮೇಲೆ, ರಾತ್ರಿ, ಕೈಯಾರೆ ವಾಪಸ್ ತರುತ್ತಾರೆ.

ಸಾಫ್ಟ್‌ವೇರ್ ಆವೃತ್ತಿ ಎರಡರಲ್ಲೂ ಒಂದೇ ಇರಬೇಕೆಂದು ಗೋಡೆಗೇ ಅಂಟಿಸಿದ್ದೇವೆ. ಬೇರೆ ಇದ್ದರೆ ಕಂಟ್ರೋಲರ್ ಬದಲಿಸಿದ ಎಪಿ ಹೊಸ ಸಾಫ್ಟ್‌ವೇರ್ ಇಳಿಸಿಕೊಂಡು ರೀಬೂಟ್ ಆಗುತ್ತದೆ. ನೂರಾರು ಎಪಿ ಒಟ್ಟಿಗೆ ಅದನ್ನು ಮಾಡಿದರೆ ಒಂದೂವರೆ ನಿಮಿಷದ ಲೆಕ್ಕವೆಲ್ಲ ನೀರಿಗೆ ಹೋದಂತೆ.

ಬಾಕಿ ಇರುವುದು

ಒಂದು ತೂತು ಇನ್ನೂ ಮುಚ್ಚಿಲ್ಲ. ಇಂಟರ್ನೆಟ್ ಲೈನ್ ಬರುವುದು ಕೆಳಗಿನ ಗೇಟಿನಿಂದ, ಆಡಳಿತ ಕಟ್ಟಡಕ್ಕೆ ಮಾತ್ರ. ಪರೀಕ್ಷೆಯ ಸಾಫ್ಟ್‌ವೇರ್ ಇರುವುದು ಕ್ಲೌಡ್‌ನಲ್ಲಿ. ಡಕ್ಟ್ ಮತ್ತು ಗೋಡೆಯ ಪೈಪ್ ಎರಡೂ ಹೋದರೆ ಮೇಲಿನ ಅರ್ಧಕ್ಕೆ ವೈಫೈ ಇರುತ್ತದೆ, ಹೊರಗಿನ ಲೋಕ ಇರುವುದಿಲ್ಲ. ಆಡಳಿತ ಕಟ್ಟಡದ ರೂಮಿಗೆ ಮತ್ತೆ ನೀರು ಬಂದರೆ ಇಡೀ ಕ್ಯಾಂಪಸ್‌ಗೆ ಅದೇ ಗತಿ. ಮೇಲಿನ ಗೇಟಿನಿಂದ ಬೇರೆ ಕಂಪನಿಯ ಲೈನ್ ತಂದು ಗ್ರಂಥಾಲಯದಲ್ಲಿ ಇಳಿಸಬೇಕೆಂದು ಬರೆದುಕೊಟ್ಟಿದ್ದೇನೆ. ಅದಕ್ಕೆ ರಸ್ತೆ ಅಗೆಯಬೇಕು, ಮಳೆಗಾಲದಲ್ಲಿ ಅದಕ್ಕೆ ಅನುಮತಿ ಸಿಗುವುದಿಲ್ಲ. ಸದ್ಯಕ್ಕೆ ಗ್ರಂಥಾಲಯದ ರ‍್ಯಾಕಿನಲ್ಲಿ ಒಂದು 5ಜಿ ರೂಟರ್ ಇಟ್ಟಿದ್ದಾರೆ. ಪರೀಕ್ಷೆಯ ಜಾಲಕ್ಕೆ ಮಾತ್ರ ಅದರ ದಾರಿ ತೆರೆಯುವಂತೆ ರೂಟಿಂಗ್ ಬರೆದಿದ್ದೇವೆ. ಹಾಸ್ಟೆಲ್‌ನವರಿಗೂ ಅದನ್ನು ಬಿಟ್ಟರೆ ಕ್ರಿಕೆಟ್ ಮ್ಯಾಚಿನ ದಿನ ಅರ್ಧ ಗಂಟೆಯಲ್ಲಿ ಅದರ ಉಸಿರು ಕಟ್ಟುತ್ತದೆ. ಹೊಸ ಲೈನಿನ ಖರ್ಚನ್ನು ಖಜಾಂಚಿಯವರು ದೀಪಾವಳಿಯ ನಂತರದ ಬಜೆಟ್ಟಿಗೆ ಸೇರಿಸಿದ್ದಾರೆ.